ರಸ್ತೆಯನ್ನು ಅಂಚಿನಿಂದ ಎಳೆಯಬೇಕು

(ಬೆಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಿಮ್ಮಲ್ಲಿ ಎಷ್ಟು ಜನ ನಡೆದು ಬಂದಿರಿ ಎಂದು ಕೇಳಬೇಕೆಂದಿದ್ದೆ. ಕೇಳುವುದಿಲ್ಲ, ಯಾಕೆಂದರೆ ನಾನೂ ಆಟೋದಲ್ಲೇ ಬಂದೆ. ನನ್ನ ಮನೆಯಿಂದ ಈ ಸಭಾಂಗಣಕ್ಕೆ ಒಂದೂವರೆ ಕಿಲೋಮೀಟರು ದೂರವೂ ಇಲ್ಲ. ನಡಿಗೆಯ ಬಗ್ಗೆ ಉಪನ್ಯಾಸ ಕೊಡಲು ಆಟೋ ಹತ್ತಿ ಬಂದ ಮೇಷ್ಟ್ರು ಎಂದು ನೀವು ನಕ್ಕರೆ ಬೇಜಾರಿಲ್ಲ. ಯಾಕೆ ಹತ್ತಿದೆ ಎನ್ನುವುದೇ ಇವತ್ತಿನ ನನ್ನ ವಿಷಯ.

ಮೂವತ್ತು ವರ್ಷ ಸಿವಿಲ್ ಎಂಜಿನಿಯರಿಂಗ್ ಹುಡುಗರಿಗೆ ರಸ್ತೆ ಕಟ್ಟುವ ಪಾಠ ಹೇಳಿದವನು ನಾನು. ಬೋರ್ಡಿನ ಮೇಲೆ ರಸ್ತೆಯ ಅಡ್ಡಸೀಳು ಚಿತ್ರ ಬರೆಯುವಾಗ ಮೊದಲು ಎಳೆಯುತ್ತಿದ್ದದ್ದು ನಡುಗೆರೆ. ಅಲ್ಲಿಂದ ಎಡಕ್ಕೊಂದು ಲೇನು, ಬಲಕ್ಕೊಂದು ಲೇನು, ಒಂದೊಂದೂ ಮೂರೂವರೆ ಮೀಟರು. ಆಮೇಲೆ ಪಾರ್ಕಿಂಗ್, ಆಮೇಲೆ ಚರಂಡಿ. ಕೊನೆಗೆ ಕಾಂಪೌಂಡಿನ ಬುಡದಲ್ಲಿ ಏನಾದರೂ ಮಿಕ್ಕಿದ್ದರೆ ಅದಕ್ಕೆ ಫುಟ್‌ಪಾತ್ ಎಂದು ಹೆಸರು. ಮರ? ಮರವನ್ನು ನಾನು ಒಂದು ದಿನವೂ ಬೋರ್ಡಿನ ಮೇಲೆ ಬರೆದವನಲ್ಲ. ಅದು ತೋಟಗಾರಿಕೆಯವರ ಬಾಬತ್ತು ಎಂದುಕೊಂಡಿದ್ದೆ. ನನ್ನ ಶಿಷ್ಯರು ಜಾಣರು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಕಟ್ಟಿದರು. ಅವರು ಕಟ್ಟಿದ ರಸ್ತೆಯಲ್ಲಿ ನಡೆಯಲಾರದೆ ಈಗ ನಾನು ಆಟೋ ಹತ್ತುತ್ತಿದ್ದೇನೆ.

ಹೋದ ತಿಂಗಳು ನನ್ನ ಅಕ್ಕ ತೀರ್ಥಹಳ್ಳಿ ಕಡೆಯಿಂದ ಬಂದಿದ್ದಳು. ಎಂಬತ್ತೆರಡು ವರ್ಷ, ಮಂಡಿ ನೋವು, ಕೈಯಲ್ಲೊಂದು ಕೋಲು. ಆದರೂ ಊರಲ್ಲಿ ಗದ್ದೆಯ ಅಂಚಿನ ಮೇಲೆ ನಡೆದೇ ತೋಟಕ್ಕೆ ಹೋಗಿಬರುತ್ತಾಳೆ. ಬೆಳಿಗ್ಗೆ ಇಬ್ಬರೂ ನಂದಿನಿ ಬೂತಿಗೆ ಹೊರಟೆವು. ನಮ್ಮ ಗೇಟಿನ ಪಕ್ಕದ ಚಪ್ಪಡಿ ಕಲ್ಲು ಒಂದು ಕಡೆ ಕುಸಿದಿದೆ, ದಾಟಿದೆವು. ಮುಂದಿನ ಮನೆಯವರು ಕಾರು ಒಳಗೆ ಬಿಡಲು ಸಿಮೆಂಟಿನ ಇಳಿಜಾರು ಹಾಕಿದ್ದಾರೆ, ಹತ್ತಿ ಇಳಿದೆವು. ಅದರ ಮುಂದಿನವರು ಕ್ರೋಟನ್ ಗಿಡಗಳಿಗೆಂದು ಫುಟ್‌ಪಾತಿಗೇ ಗ್ರಿಲ್ ಹಾಕಿಸಿದ್ದಾರೆ, ರಸ್ತೆಗಿಳಿದೆವು. ಮತ್ತೆ ಹತ್ತಿದರೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಒಡೆದ ದೇವರ ಫೋಟೋಗಳು. ಆಮೇಲೆ ಯಾರದೋ ಮನೆ ಕಟ್ಟುವ ಜಲ್ಲಿರಾಶಿ. ಎಷ್ಟು ಸಲ ಇಳಿದು ಹತ್ತಿದೆವೆಂದು ಎಣಿಸುತ್ತಿದ್ದೆ, ಇಪ್ಪತ್ತು ದಾಟಿದ ಮೇಲೆ ಬಿಟ್ಟೆ. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ತಿರುವಿನಲ್ಲಿ ಹಿಂದಿನಿಂದ ಸ್ಕೂಟರಿನವನೊಬ್ಬ ಹಾರ್ನ್ ಹೊಡೆದ, ಫುಟ್‌ಪಾತಿನ ಮೇಲೆಯೇ. ಅಕ್ಕ ಕೋಲೂರಿ ನಿಂತು ಹೇಳಿದಳು: "ಮಾರಾಯ, ಇದಕ್ಕಿಂತ ನಮ್ಮ ಗದ್ದೆ ಅಂಚೇ ವಾಸಿ ಕಣೋ. ಅಲ್ಲಿ ಜಾರಿದರೆ ಕೆಸರಿಗೆ ಬೀಳ್ತೀನಿ. ಇಲ್ಲಿ ಜಾರಿದರೆ ಬಸ್ಸಿನಡಿಗೆ."

ಗದ್ದೆ ಅಂಚು ಒಂದಡಿ ಅಗಲ ಇದ್ದೀತು. ಆದರೆ ಅದನ್ನು ನಡೆಯುವುದಕ್ಕೂ ಎಂದು ಕಟ್ಟಿರುತ್ತಾರೆ. ಬೆಂಗಳೂರಿನ ಫುಟ್‌ಪಾತ್ ಹಾಗಲ್ಲ. ನಮ್ಮ ಬಹುಪಾಲು ಬಡಾವಣೆಗಳಲ್ಲಿ ಅದು ಚರಂಡಿಯ ಮುಚ್ಚಳ. ಮಳೆನೀರಿನ ಚರಂಡಿಯನ್ನು ಕಟ್ಟಿ, ಮೇಲೆ ಕಲ್ಲು ಹಾಸಿ, ಜನ ಹೇಗೂ ನಡೆಯುತ್ತಾರಲ್ಲ ಎಂದು ಬಿಟ್ಟದ್ದು. ಚರಂಡಿಯ ಗೋಡೆ ಎಷ್ಟೆತ್ತರವೋ ಫುಟ್‌ಪಾತ್ ಅಷ್ಟೆತ್ತರ. ಹೂಳೆತ್ತಲು ಕಲ್ಲು ತೆಗೆದವರು ವಾಪಸ್ ಸರಿಯಾಗಿ ಹಾಕದಿದ್ದರೆ ಅದೇ ಗುಂಡಿ. ಚರಂಡಿ ಕಾಂಪೌಂಡಿಗೆ ಅಂಟಿಕೊಂಡೇ ಹೋಗುವುದರಿಂದ ಮರಕ್ಕೆ ನೆಲವೇ ಇಲ್ಲ. ಅದು ರಸ್ತೆಯ ಡಾಂಬರಿನಲ್ಲಿ ಕತ್ತು ಹಿಸುಕಿಸಿಕೊಂಡು ನಿಂತಿರುತ್ತದೆ. ಒಂದು ಬದಿ ಚರಂಡಿ, ಇನ್ನೊಂದು ಬದಿ ಡಾಂಬರು. ಗಾಳಿಯೂ ನೀರೂ ಸಿಗದ ಬೇರು ಮೇಲಕ್ಕೇ ಬರುತ್ತದೆ, ಕಲ್ಲನ್ನು ಎತ್ತುತ್ತದೆ. ಆಗ ನಾವು ಮರವನ್ನು ಬೈಯುತ್ತೇವೆ.

ನಿಯಮ ಇಲ್ಲ ಎಂದಲ್ಲ. ಪಾದಚಾರಿಗಳ ಸೌಕರ್ಯಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಒಂದು ಕೈಪಿಡಿಯಿದೆ, ಸಂಖ್ಯೆ 103. ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂಗಡಿ ಸಾಲಿನಲ್ಲಿ ಇನ್ನೂ ಹೆಚ್ಚು, ರಸ್ತೆಮಟ್ಟದಿಂದ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಅದು. ಒಂದೂ ಮುಕ್ಕಾಲು ಮೀಟರ್ ಚಿಲ್ಲರೆ ಎಂದರೆ ಎದುರುಬದುರು ಬರುವ ಇಬ್ಬರು ಹೆಗಲು ತಾಕದೆ ದಾಟುವಷ್ಟು, ಒಂದು ಗಾಲಿಕುರ್ಚಿ ಸರಾಗವಾಗಿ ಹೋಗುವಷ್ಟು. 150 ಮಿಲಿಮೀಟರ್ ಎಂದರೆ ಮನೆಯ ಒಂದು ಮೆಟ್ಟಿಲಿಗಿಂತ ಸ್ವಲ್ಪ ಕಡಿಮೆ. ನಾವು ಕೇಳುತ್ತಿರುವುದು ಅರಮನೆಯನ್ನಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಯಾವ ವಾಹನದಲ್ಲೂ ಇರಲಿಲ್ಲ, ನಡೆಯುತ್ತಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೇ ಬರುತ್ತದೆ, ಅದು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂದು ಹೇಳಿತು. ನಡೆಯುವುದಕ್ಕೆ ಕೋರ್ಟಿನ ಆದೇಶ ಬೇಕಾಯಿತಲ್ಲ ಎಂದು ಆ ದಿನ ಪೇಪರು ಓದುತ್ತಾ ನನಗೆ ನಾಚಿಕೆಯಾಯಿತು.

ಇಷ್ಟಾದರೆ ಸಾಕೇ? ಅಗಲವಾದ, ಸಮತಟ್ಟಾದ ಫುಟ್‌ಪಾತ್ ಕೊಟ್ಟುಬಿಟ್ಟರೆ ಜನ ನಡೆಯುತ್ತಾರೆಯೇ? ಇಲ್ಲಿ ನನ್ನ ಎಂಜಿನಿಯರ್ ಸ್ನೇಹಿತರ ಜೊತೆ ನನ್ನ ಜಗಳ ಶುರುವಾಗುತ್ತದೆ. ಗ್ರಾನೈಟ್ ಹಾಸಿದ, ಮರವಿಲ್ಲದ ಫುಟ್‌ಪಾತಿನ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ನಡೆದು ನೋಡಿ. ನಮ್ಮ ನಾಡಿನಲ್ಲಿ ನೆರಳಿಲ್ಲದ ಫುಟ್‌ಪಾತ್ ಅರ್ಧ ಫುಟ್‌ಪಾತ್. ತಂಪಿನ ಊರೆಂದು ಹೆಸರಾದ ಈ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿತು.

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರಗಳಿರುವ ಬೀದಿ, ಮರಗಳಿಲ್ಲದ ಬೀದಿ, ಎರಡನ್ನೂ ಹೋಲಿಸಿದರು. ಮಧ್ಯಾಹ್ನದ ಹೊತ್ತು ಗಾಳಿಯ ಬಿಸಿಯಲ್ಲಿ 5.6 ಡಿಗ್ರಿಯವರೆಗೆ ವ್ಯತ್ಯಾಸ. ಡಾಂಬರಿನ ಮೈಬಿಸಿಯಲ್ಲಿ 27.5 ಡಿಗ್ರಿಯವರೆಗೆ. ಎರಡನೆಯ ಅಂಕಿಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಿ: ಇಪ್ಪತ್ತೇಳೂವರೆ ಡಿಗ್ರಿ. ಬರಿಗಾಲಲ್ಲಿ ದೇವಸ್ಥಾನದ ಪ್ರಾಂಗಣ ಸುತ್ತಿದವರಿಗೆ ಇದರ ಅರ್ಥ ನಾನು ಹೇಳಬೇಕಾಗಿಲ್ಲ.

ಅಧ್ಯಯನಕ್ಕಿಂತ ಮೊದಲೇ ಇದನ್ನು ಬಲ್ಲವರು ಬೀದಿ ವ್ಯಾಪಾರಿಗಳು. ನಮ್ಮ ಬೀದಿಯ ಕೊನೆಯಲ್ಲಿ ಹೊಂಗೆ ಮರದಡಿ ಹೂ ಮಾರುವ ಹೆಂಗಸೊಬ್ಬರಿದ್ದಾರೆ. "ಇಲ್ಲೇ ಯಾಕಮ್ಮ, ಬಸ್ ಸ್ಟಾಪಿನ ಹತ್ತಿರ ಕೂತರೆ ವ್ಯಾಪಾರ ಜಾಸ್ತಿ ಅಲ್ವಾ?" ಎಂದು ಒಮ್ಮೆ ಕೇಳಿದೆ. "ಅಲ್ಲಿ ಜನ ಜಾಸ್ತಿ ಸಾರ್, ಆದ್ರೆ ಹನ್ನೊಂದು ಗಂಟೆಗೆಲ್ಲ ಮಲ್ಲಿಗೆ ಬಾಡೋಗುತ್ತೆ. ಈ ಮರ ಇರೋದಕ್ಕೆ ಸಂಜೆವರೆಗೂ ನಿಲ್ಲುತ್ತೆ" ಎಂದರು. ಕಬ್ಬಿನ ಹಾಲಿನ ಗಾಡಿಯವನು ಬೆಳಿಗ್ಗೆ ರಸ್ತೆಯ ಮೂಡಣ ಬದಿಗೆ, ಮಧ್ಯಾಹ್ನ ಪಡುವಣ ಬದಿಗೆ. ನೆರಳು ಸರಿದಂತೆ ಗಾಡಿ ಸರಿಯುತ್ತದೆ. ನಗರ ಯೋಜನೆಯ ತರಗತಿಯಲ್ಲಿ ಕಲಿಸಬೇಕಾದ ಪಾಠ ಅದು.

ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಯಲ್ಲಿ ಮಧ್ಯಾಹ್ನ ಎರಡರ ನಂತರ ಪಡುವಣ ಬದಿಯ ಫುಟ್‌ಪಾತಿಗೆ ಮನೆಗಳ ನೆರಳೇ ಬೀಳುತ್ತದೆ. ಬಿಸಿಲು ಹೊಡೆಯುವುದು ಮೂಡಣ ಬದಿಗೆ. ಹಾಗಾದರೆ ದೊಡ್ಡ ಮರ ಮೂಡಣ ಬದಿಯಲ್ಲಿರಬೇಕು, ವಿದ್ಯುತ್ ಕಂಬಗಳು ಪಡುವಣ ಬದಿಯಲ್ಲಿರಬೇಕು. ಇಷ್ಟು ಸಣ್ಣ ತೀರ್ಮಾನವನ್ನು ಮೊದಲೇ ಮಾಡಿಬಿಟ್ಟರೆ, ವರ್ಷಕ್ಕೊಮ್ಮೆ ತಂತಿಗೆ ತಾಗುತ್ತದೆಂದು ಕೊಂಬೆಗಳನ್ನು ಒಂದೇ ಕಡೆ ಕಡಿದು, ಮರವನ್ನು ಇನ್ನೊಂದು ಕಡೆಗೆ ವಾಲಿಸಿ, ಮುಂಗಾರು ಪೂರ್ವದ ಗಾಳಿಗೆ ಅದು ಕಾರಿನ ಮೇಲೆ ಬಿದ್ದಾಗ "ಹಳೇ ಮರ" ಎಂದು ಷರಾ ಬರೆಯುವುದು ತಪ್ಪುತ್ತದೆ.

ಯಾವ ಮರ ಎನ್ನುವುದಕ್ಕೆ ಬರುತ್ತೇನೆ. ಬೆಂಗಳೂರಿನ ಮರಗಳ ಮಾತೆತ್ತಿದರೆ ಕ್ರುಂಬಿಗಲ್ ಅವರನ್ನು ನೆನೆಯದೆ ಇರಲಾಗದು. ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾದ ಮಹಾರಾಜರಲ್ಲಿದ್ದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಲಾಲ್‌ಬಾಗಿಗೆ ಬಂದವರು. 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಊರಿನ ಯಾವುದಾದರೊಂದು ಬೀದಿ ಹೂವಾಗಿರಬೇಕು ಎನ್ನುವುದು ಅವರ ಯೋಚನೆ. ಫೆಬ್ರವರಿಯಲ್ಲಿ ತಬೆಬುಯಾ, ಆಮೇಲೆ ಜಕರಾಂಡ, ಮೇ ತಿಂಗಳಿಗೆ ಗುಲ್‌ಮೊಹರ್. ಈಗ ಮೊಬೈಲಿನಲ್ಲಿ ಫೋಟೋ ಹಂಚಿಕೊಳ್ಳುವ ಹುಡುಗ ಹುಡುಗಿಯರಿಗೆ ಕ್ರುಂಬಿಗಲ್ ಹೆಸರು ಗೊತ್ತಿಲ್ಲದಿದ್ದರೂ ಅವರ ಋಣ ತಪ್ಪಿದ್ದಲ್ಲ.

ದೊಡ್ಡವರ ಬಗ್ಗೆ ಸಣ್ಣದೊಂದು ತಕರಾರು ಎತ್ತಲು ಅನುಮತಿ ಕೊಡಿ. ಹೂ ನೋಡುವವನ ಕಣ್ಣಿಗೆ, ನೆರಳು ನಡೆಯುವವನ ತಲೆಗೆ. ತಬೆಬುಯಾ ಹೂ ಬಿಡುವಾಗ ಎಲೆ ಉದುರಿಸಿ ಬೋಳಾಗಿರುತ್ತದೆ. ಗುಲ್‌ಮೊಹರ್ ಕೂಡ ಬೇಸಿಗೆ ಏರುತ್ತಿರುವ ದಿನಗಳಲ್ಲಿ ಬರಿ ಕೊಂಬೆ. ನಮಗೆ ನೆರಳು ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಈ ಸುಂದರಿಯರು ರಜೆ. ಹೊಂಗೆಯನ್ನು ನೋಡಿ. ಅದೂ ಎಲೆ ಉದುರಿಸುತ್ತದೆ, ಆದರೆ ಯುಗಾದಿಯ ಹೊತ್ತಿಗೆ ಮೈತುಂಬ ಹೊಸ ಚಿಗುರು ತಂದುಕೊಂಡು ಬೇಸಿಗೆಗೆ ಸಿದ್ಧವಾಗಿ ನಿಂತಿರುತ್ತದೆ. ಹಳ್ಳಿಯ ಕಟ್ಟೆಯ ಮೇಲೆ ಮಧ್ಯಾಹ್ನ ಮಲಗುವವರು ಹೊಂಗೆಯನ್ನು ಹುಡುಕಿಕೊಂಡು ಹೋಗುವುದು ಸುಮ್ಮನೆ ಅಲ್ಲ. ಅಗಲ ರಸ್ತೆಗಳಲ್ಲಿ, ಪಾರ್ಕಿನ ಬದಿಯಲ್ಲಿ ಹೂಮರಗಳಿರಲಿ. ಬಸ್ ಸ್ಟಾಪಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿಗೆ ಹೊಂಗೆ, ಬೇವು, ನೇರಳೆ ಬೇಕು. (ನೇರಳೆ ಹಣ್ಣು ಕಾರಿನ ಮೇಲೆ ಬಿದ್ದು ಕಲೆಯಾಗುತ್ತದೆ ಎಂಬ ದೂರು ನನಗೆ ಗೊತ್ತು. ಕಾರು ಅಲ್ಲಿ ನಿಲ್ಲಿಸಬೇಡಿ.) ಮಲ್ಲೇಶ್ವರದ ರಸ್ತೆಗಳಿಗೆ ಹೆಸರಿಟ್ಟವರಿಗೆ ಇದು ತಿಳಿದಿತ್ತೆಂದು ಕಾಣುತ್ತದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ನಮ್ಮ ಬೇವೇ. ಬೇವಿನ ರಸ್ತೆ ಎನ್ನಲು ಯಾಕೆ ಸಂಕೋಚವಾಯಿತೋ!

ಇನ್ನೊಂದು ಹೆಸರು ನೆಗಿನಹಾಳರದು. ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದವರು. ಗೇಣುದ್ದದ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋಗುವ ಕೆಲಸವಲ್ಲ ಅದು. ನರ್ಸರಿಯಲ್ಲಿ ಎತ್ತರಕ್ಕೆ ಬೆಳೆಸಿದ ಗಿಡ, ಸುತ್ತ ಬೇಲಿ, ನೀರು ಹಾಕಲು ಆಯಾ ಬೀದಿಯವರು. ನೀವು ಇವತ್ತು ಯಾವುದೋ ಬಡಾವಣೆಯಲ್ಲಿ ನಲವತ್ತು ವರ್ಷದ ಮರದ ಕೆಳಗೆ ನಿಂತು ಆಟೋಗೆ ಕಾಯುತ್ತಿದ್ದರೆ, ಅದು ಅವರು ನೆಡಿಸಿದ್ದಿರಬಹುದು. 2021ರಲ್ಲಿ ಅವರು ತೀರಿಕೊಂಡಾಗ ಕೋವಿಡ್ಡಿನ ಗದ್ದಲದಲ್ಲಿ ಊರಿಗೆ ಸರಿಯಾಗಿ ಗೊತ್ತಾಗಲೂ ಇಲ್ಲ.

ಮರವನ್ನೂ ನಡಿಗೆಯನ್ನೂ ಜೋಡಿಸಿ ನೋಡುವುದು ಹೊರದೇಶದಿಂದ ಬರಬೇಕಾದ ಬುದ್ಧಿಯಲ್ಲ. "ಅಶೋಕನು ಸಾಲುಮರಗಳನ್ನು ನೆಡಿಸಿದನು" ಎಂದು ಪರೀಕ್ಷೆಯಲ್ಲಿ ಬರೆಯದ ಕನ್ನಡದ ಮಗು ಇಲ್ಲ. ಬರೆದು ಅಂಕ ಪಡೆದ ಮೇಲೆ ಮರೆತೆವು. 2025ರ ನವೆಂಬರಿನಲ್ಲಿ ನಮ್ಮನ್ನಗಲಿದ ತಿಮ್ಮಕ್ಕನವರ ಹೆಸರಿನ ಜೊತೆಗೇ "ಸಾಲುಮರ" ಎಂಬ ಆ ಪದ ಉಳಿದುಕೊಂಡಿದೆ. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ, ಸುಮಾರು ನಾಲ್ಕು ಕಿಲೋಮೀಟರು, ಗಂಡನೂ ಹೆಂಡತಿಯೂ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು. ಅವರು ಅದನ್ನು ಪರಿಸರ ಎಂದು ಕರೆದು ಮಾಡಿದ್ದಲ್ಲ. ಆ ದಾರಿಯಲ್ಲಿ ಜನ ನಡೆಯುತ್ತಿದ್ದರು, ದನ ನಡೆಯುತ್ತಿದ್ದವು, ನೆರಳು ಬೇಕಿತ್ತು. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯೊಂದು ಬಂದಾಗ ಆ ಮರಗಳನ್ನು ಉಳಿಸಿಕೊಡಿ ಎಂದು ಶತಾಯುಷಿ ಅಜ್ಜಿ ಮುಖ್ಯಮಂತ್ರಿಯ ಬಳಿಗೆ ಹೋಗಬೇಕಾಯಿತು. ಪದ್ಮಶ್ರೀ ಕೊಟ್ಟ ವರ್ಷವೂ ಅದೇ.

ಬೆಂಗಳೂರಿನಲ್ಲಿ ಒಳ್ಳೆಯದು ಏನೂ ಆಗಿಲ್ಲ ಎಂದರೆ ಅನ್ಯಾಯವಾದೀತು. ಟೆಂಡರ್‌ಶೂರ್ ಎಂಬ ಹೆಸರಿನಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠ್ಠಲ ಮಲ್ಯ ರಸ್ತೆ ಮುಂತಾದವನ್ನು ಕಟ್ಟಿದರು. ನೀರು, ವಿದ್ಯುತ್, ಕೇಬಲ್ಲುಗಳಿಗೆ ನೆಲದಡಿ ಪ್ರತ್ಯೇಕ ಕೊಳವೆ, ಮೇಲೆ ಅಗಲ ಫುಟ್‌ಪಾತ್. ದುಡ್ಡು ಜಾಸ್ತಿಯಾಯಿತು, ಶ್ರೀಮಂತರ ಬೀದಿಗೆ ಮಾತ್ರ ಎಂಬ ಟೀಕೆ ಬಂತು; ಎರಡನೆಯದು ನಿಜ. ಆದರೆ ಅಲ್ಲಿ ಒಮ್ಮೆ ನಡೆದವರಿಗೆ ತಮ್ಮ ಬೀದಿಯ ಫುಟ್‌ಪಾತ್ ಎಂಥದು ಎನ್ನುವುದು ಗೊತ್ತಾಯಿತು. ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ತೆರೆದರು. 2020ರ ನವೆಂಬರಿನಿಂದ ಮೂರ್ನಾಲ್ಕು ತಿಂಗಳು ಶನಿವಾರ ಭಾನುವಾರ ಅಲ್ಲಿ ವಾಹನ ಬಿಡಲಿಲ್ಲ. ಮುಕ್ಕಾಲು ಕಿಲೋಮೀಟರಿನ ಬೀದಿ. ಮಕ್ಕಳು ರಸ್ತೆಯ ನಡುವೆ ಕೂತು ಚಿತ್ರ ಬರೆಯುತ್ತಿದ್ದುದನ್ನು ನಾನೇ ನೋಡಿದೆ. ಆಮೇಲೆ ನಿಲ್ಲಿಸಿಬಿಟ್ಟರು.

ಅಲ್ಲಿಂದ ಕೂಗಳತೆಯಲ್ಲಿರುವ ಎಂ.ಜಿ. ರಸ್ತೆಯಲ್ಲಿ ಮೊದಲೊಂದು ಬುಲೆವಾರ್ಡ್ ಇತ್ತು, ಮರಗಳ ಕೆಳಗೆ ನಡೆಯುವ ಉದ್ದನೆಯ ದಾರಿ. ಮೆಟ್ರೊ ಬರುವಾಗ ಅದು ಹೋಯಿತು. ನಾನು ಮೆಟ್ರೊ ವಿರೋಧಿಯಲ್ಲ, ದಿನವೂ ಅದರಲ್ಲೇ ಓಡಾಡುವವನು. ಇವತ್ತು ಹೆಚ್ಚುಕಡಿಮೆ 96 ಕಿಲೋಮೀಟರ್ ಮೆಟ್ರೊ ಇದೆ. ಆದರೆ ಮೆಟ್ರೊದಿಂದ ಇಳಿದ ಪ್ರತಿಯೊಬ್ಬನೂ ಪಾದಚಾರಿ. ಒಳಗೆ ಲಿಫ್ಟು, ಎಸ್ಕಲೇಟರು, ಅಂಧರಿಗೆಂದು ಹಳದಿ ಹೆಂಚಿನ ಸಾಲು. ಅದೇ ಹಳದಿ ಸಾಲನ್ನು ಹಿಡಿದು ಸ್ಟೇಷನ್ನಿನ ಗೇಟಿನಿಂದ ಹೊರಗೆ ಬಂದವನು ಮುಂದಿನ ಹೆಜ್ಜೆ ಎಲ್ಲಿಡಬೇಕು?

ಈ ಅವಸ್ಥೆಗೆ ಕಾರಣ ದುಡ್ಡಿನ ಕೊರತೆಯಲ್ಲ. ಒಂದೇ ಎರಡು ಮೀಟರ್ ನೆಲದಲ್ಲಿ ಮರ ಒಬ್ಬರದು, ಚರಂಡಿ ಇನ್ನೊಬ್ಬರದು, ಕಂಬ ಮತ್ತೊಬ್ಬರದು, ನೀರಿನ ಪೈಪು ಮಗದೊಬ್ಬರದು. ಒಬ್ಬರ ನಕ್ಷೆ ಇನ್ನೊಬ್ಬರು ನೋಡಿರುವುದಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕು ಎನ್ನುತ್ತದೆ. ಬೇರು ಕಡಿಯುವ ಜೆಸಿಬಿಯವನು ಯಾರನ್ನೂ ಕೇಳುವುದಿಲ್ಲ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಹಾಕಬೇಡಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಗೆ ಹೇಳಿತು. ನಮ್ಮಲ್ಲಿ ಇಂದಿಗೂ ಪೇವರ್ ಕಲ್ಲನ್ನು ಕಾಂಡಕ್ಕೆ ಒತ್ತಿ ಕೂರಿಸುತ್ತಾರೆ. ನೀಟಾಗಿ ಕಾಣುತ್ತದಂತೆ. 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿವೆ. ಐದೂ ಕಡೆ ಅದೇ ನಾಲ್ಕು ನಕ್ಷೆಗಳಾದರೆ ಇಪ್ಪತ್ತಾಗುತ್ತವೆ, ಅಷ್ಟೇ.

ನನ್ನ ಸಲಹೆ ಒಂದೇ. ಒಂದು ರಸ್ತೆಗೆ ಒಂದು ನಕ್ಷೆ, ಮತ್ತು ಆ ನಕ್ಷೆಯನ್ನು ಅಂಚಿನಿಂದ ಎಳೆಯಿರಿ. ನಲವತ್ತಡಿ ರಸ್ತೆಯನ್ನೇ ತೆಗೆದುಕೊಳ್ಳಿ, 12.2 ಮೀಟರ್. ಎರಡೂ ಕಾಂಪೌಂಡಿನಿಂದ ಒಳಕ್ಕೆ ಬನ್ನಿ. ನಡೆಯಲು 1.8 ಮೀಟರ್, ಅದರ ಪಕ್ಕ ಮರಗಳಿಗೆ, ಕಂಬಕ್ಕೆ, ಹೂ ಮಾರುವವರಿಗೆ 1.2 ಮೀಟರಿನ ಮಣ್ಣಿನ ಪಟ್ಟಿ. ಎರಡು ಬದಿ ಸೇರಿ ಆರು ಮೀಟರ್ ಹೋಯಿತು. ನಡುವೆ 6.2 ಮೀಟರ್ ಉಳಿಯಿತು. ಎರಡು ಕಾರು ನಿಧಾನವಾಗಿ ಎದುರುಬದುರು ದಾಟಲು ಅದು ಸಾಕು. ಮೂವತ್ತಡಿ ರಸ್ತೆಯಾದರೆ ಮಣ್ಣಿನ ಪಟ್ಟಿ ಒಂದೇ ಬದಿಗೆ, ವಾಹನ ಒಂದೇ ದಿಕ್ಕಿಗೆ. ಮಳೆನೀರು ಆ ಮಣ್ಣಿಗಿಳಿದ ಮೇಲೆ ಮಿಕ್ಕದ್ದು ಚರಂಡಿಗೆ ಹೋಗಲಿ. ಇಲ್ಲಿ ಕಳೆದುಕೊಳ್ಳುವುದು ಒಂದನ್ನೇ, ಮನೆಯ ಮುಂದೆ ಪುಕ್ಕಟೆ ಕಾರು ನಿಲ್ಲಿಸುವ ಜಾಗ. ನೂರು ಚದರಡಿ ನೆಲವನ್ನು ಬಾಡಿಗೆಯಿಲ್ಲದೆ ಕಾರಿಗೆ ಕೊಡುವ ಊರು, ಅಷ್ಟೇ ನೆಲದಲ್ಲಿ ಮಲ್ಲಿಗೆ ಮಾರುವವರನ್ನು ಒತ್ತುವರಿ ಎಂದು ಎಬ್ಬಿಸುತ್ತದೆ. ಇದು ನನಗೆ ಇಷ್ಟು ವರ್ಷ ಕಾಣಲಿಲ್ಲವಲ್ಲ ಎನ್ನುವುದೇ ನನ್ನ ಸಂಕಟ.

ಸರ್ಕಾರವನ್ನಷ್ಟೇ ಬೈದು ಕೂತರೆ ಅಕ್ಕ ನನ್ನನ್ನು ಬಿಡುವುದಿಲ್ಲ. ಆ ದಿನ ಹಾಲು ತಂದು ಮನೆಗೆ ಮರಳುವಾಗ ನಮ್ಮದೇ ಗೇಟಿನ ಮುಂದೆ ನಿಂತು, "ಇದನ್ನ ಯಾರು ಹಾಕಿಸಿದ್ದೋ?" ಎಂದಳು. ಫುಟ್‌ಪಾತಿನ ಪೂರ್ತಿ ಅಗಲಕ್ಕೆ ಹಾಕಿಸಿದ ಸಿಮೆಂಟಿನ ಇಳಿಜಾರು. 1998ರಲ್ಲಿ ಮೊದಲ ಕಾರು ಕೊಂಡಾಗ ನಾನೇ ನಿಂತು ಹಾಕಿಸಿದ್ದು, ಹೆದ್ದಾರಿ ಪಾಠ ಹೇಳುವ ಮೇಷ್ಟ್ರು.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಮನೆಯಲ್ಲಿ ದರ್ಜಿಯ ಟೇಪಾದರೂ ಇರುತ್ತದೆ. ಈ ಭಾನುವಾರ ನಿಮ್ಮ ಗೇಟಿನಿಂದ ಹತ್ತಿರದ ಬಸ್ ಸ್ಟಾಪಿನವರೆಗೆ ಫುಟ್‌ಪಾತ್ ಅಳೆಯಿರಿ. ಎಲ್ಲಿ 1.8 ಮೀಟರ್ ಇದೆ, ಎಲ್ಲಿಲ್ಲ, ಯಾವ ಮರದ ಬುಡಕ್ಕೆ ಕಲ್ಲು ಒತ್ತಿದೆ, ಬರೆದುಕೊಳ್ಳಿ. ಆ ಹಾಳೆಯನ್ನು ಹಿಡಿದು ವಾರ್ಡ್ ಕಚೇರಿಗೆ ಹೋಗಿ, ಒಬ್ಬರಲ್ಲ, ಬೀದಿಯವರೆಲ್ಲ. ಮುಂಗಾರಿಗೆ ಇನ್ನು ಎರಡು ತಿಂಗಳಿಲ್ಲ. ಗುಂಡಿ ತೋಡಲು ಇದೇ ಸಮಯ. ನಮ್ಮ ಮನೆಯ ಇಳಿಜಾರು ಒಡೆಸಿ ಕಾಂಪೌಂಡಿನೊಳಗೆ ಹಾಕಿಸಲು ಮೇಸ್ತ್ರಿಗೆ ಹೇಳಿದ್ದೇನೆ. ಗುರುವಾರ ಬರುತ್ತೇನೆಂದಿದ್ದಾನೆ.